ಭಾರ ಎತ್ತಬಾರದ ಕೈ

ಸ್ತನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೊರಟ ಹೆಂಗಸರಿಗೆ ಅಮೆರಿಕ, ಕೆನಡಾಗಳ ಆಸ್ಪತ್ರೆಗಳಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಒಂದು ಎಚ್ಚರಿಕೆ ಹೇಳಿ ಕಳಿಸುತ್ತಿದ್ದರು. ಆಪರೇಷನ್ ಆದ ಕಡೆಯ ಕೈಯಲ್ಲಿ ಭಾರ ಎತ್ತಬೇಡಿ. ದಿನಸಿಯ ಚೀಲ ಬೇಡ, ಸೂಟ್‌ಕೇಸ್ ಬೇಡ, ಮಗುವನ್ನು ಎತ್ತಿಕೊಳ್ಳುವುದೂ ಬೇಡ. ಕೆಲವರು 5 ಪೌಂಡಿಗೆ ಮಿತಿ ಹಾಕಿದರೆ ಇನ್ನು ಕೆಲವರು 15 ಪೌಂಡಿನವರೆಗೆ ಉದಾರವಾಗಿರುತ್ತಿದ್ದರು. 5 ಪೌಂಡ್ ಅಂದರೆ ಎರಡೂಕಾಲು ಕಿಲೋ. ಆಗ ತಾನೇ ಹುಟ್ಟಿದ ಕೂಸು ಸಾಮಾನ್ಯವಾಗಿ ಅದಕ್ಕಿಂತ ಭಾರವಿರುತ್ತದೆ. ಈ ಮಿತಿ ಗಾಯ ಮಾಯುವ ತನಕ ಮಾತ್ರವಲ್ಲ, ಬದುಕಿರುವಷ್ಟು ಕಾಲ. ಕೈ ಬಾತುಕೊಂಡೀತು, ಒಮ್ಮೆ ಬಾತರೆ ಮತ್ತೆ ಮೊದಲಿನಂತಾಗದು ಎಂಬ ಭಯ ಅದರ ಹಿಂದಿತ್ತು. ಭಯವೇನೋ ಸುಳ್ಳಲ್ಲ, ಬಾವು ಕಣ್ಣಿಗೆ ಕಾಣುವಂಥದ್ದೇ. ಆದರೆ ಭಾರ ಎತ್ತಿದ್ದರಿಂದಲೇ ಬಾವು ಬರುತ್ತದೆ ಎಂಬುದನ್ನು ಯಾರೂ ಅಳೆದು ನೋಡಿರಲಿಲ್ಲ. ಕ್ಯಾನ್ಸರಿನಿಂದ ಉಳಿದು ಬಂದವರ ವ್ಯಾಯಾಮದ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಅಸಮತೆ. ನಡೆಯಿರಿ, ಎತ್ತಿರಿ ಎಂದವರಿಂದ ವೈದ್ಯಲೋಕ ದಶಕಗಳ ಕಾಲ ಪುರಾವೆ ಕೇಳಿತು. ಸುಮ್ಮನಿರಿ ಎಂದವರಿಂದ ಏನನ್ನೂ ಕೇಳಲಿಲ್ಲ. ವಿಶ್ರಾಂತಿಯೂ ಒಂದು ಚಿಕಿತ್ಸೆ, ಅದಕ್ಕೂ ಅಡ್ಡ ಪರಿಣಾಮಗಳಿವೆ ಎಂದು ಒಪ್ಪಿಕೊಳ್ಳಲು ಇಷ್ಟು ತಡವಾದದ್ದು ಏಕೆ ಎಂಬುದೇ ಇಲ್ಲಿನ ಪ್ರಶ್ನೆ.

ವಿಶ್ರಾಂತಿಯ ಮೇಲಿನ ನಂಬಿಕೆ ಕ್ಯಾನ್ಸರ್ ಚಿಕಿತ್ಸೆಗಿಂತ ಹಳೆಯದು. ಲಂಡನ್ನಿನ ಸರ್ಜನ್ ಜಾನ್ ಹಿಲ್ಟನ್ 1860ರ ದಶಕದ ಆರಂಭದಲ್ಲಿ ನೋವು ಮತ್ತು ವಿಶ್ರಾಂತಿಯ ಬಗ್ಗೆ ಕೊಟ್ಟ ಉಪನ್ಯಾಸಗಳು ಪುಸ್ತಕವಾಗಿ ಎರಡು ಮೂರು ತಲೆಮಾರಿನ ವೈದ್ಯರಿಗೆ ಪಾಠವಾದವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೈಲಸ್ ವೇರ್ ಮಿಚೆಲ್ ಎಂಬ ನರರೋಗ ತಜ್ಞ 1870ರ ದಶಕದಲ್ಲಿ ಬಳಲಿದ ಹೆಂಗಸರನ್ನು ಆರೆಂಟು ವಾರ ಹಾಸಿಗೆಯಲ್ಲೇ ಇರಿಸಿ ಹಾಲು ಕುಡಿಸಿ ಮಾಲೀಶು ಮಾಡಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದ. ಔಷಧ ಕಡಿಮೆ ಇದ್ದ ಕಾಲದಲ್ಲಿ ಮಲಗಿಸುವುದು ಡಾಕ್ಟರ ಕೈಯಲ್ಲಿದ್ದ ಕೆಲವೇ ಉಪಾಯಗಳಲ್ಲಿ ಒಂದು. ಮಲಗಿಸುವುದರಿಂದ ಯಾರಿಗೆ ತಾನೆ ಕೇಡು ಎಂಬ ಲೆಕ್ಕಾಚಾರ ಅಲ್ಲಿತ್ತು. ಈ ಲೆಕ್ಕಾಚಾರ ಬೇರೆ ಕಡೆಗಳಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕುಸಿಯಿತು. 1947ರಲ್ಲಿ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯ ಹಾಸಿಗೆ ಹಿಡಿಯುವುದರ ಅಪಾಯಗಳ ಪಟ್ಟಿಯನ್ನೇ ಬರೆದು ಪ್ರಕಟಿಸಿದ. 1952ರಲ್ಲಿ ಸ್ಯಾಮುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ ಹೃದಯಾಘಾತವಾದವರನ್ನು ಮಂಚದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಆ ಕಾಲಕ್ಕೆ ಅದೂ ದೊಡ್ಡ ಧೈರ್ಯವೇ. 1966ರಲ್ಲಿ ಡಲ್ಲಾಸ್ ನಗರದಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ, ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯದಲ್ಲಿ ಕಾಲುಭಾಗಕ್ಕೂ ಹೆಚ್ಚು ಇಳಿದುಹೋಗಿತ್ತು. ಅದೇ ಐವರನ್ನು ಮೂವತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ಹೆಚ್ಚಿತ್ತು.

ಹೃದ್ರೋಗದ ವಾರ್ಡುಗಳು ಇದನ್ನು ಕಲಿತವು, ಕ್ಯಾನ್ಸರ್ ವಾರ್ಡುಗಳು ಕಲಿಯಲಿಲ್ಲ. ಕ್ಯಾನ್ಸರ್ ರೋಗಿಯ ಸುಸ್ತು ರೋಗದ್ದೇ ಲಕ್ಷಣವೆಂದು ಕಾಣುತ್ತಿತ್ತು. ಹಾಸಿಗೆಯ ಪಾಲು ಅದರಲ್ಲಿ ಎಷ್ಟು ಎಂದು ಬಿಡಿಸಿ ನೋಡುವ ಅಗತ್ಯ ಯಾರಿಗೂ ಬರಲಿಲ್ಲ. ಹೆಚ್ಚು ಕಾಲ ಬದುಕದವರ ಕಾಲುಬಲದ ಬಗ್ಗೆ ಯೋಚಿಸುವವರೂ ಇರಲಿಲ್ಲ. ಸ್ತನ ಕ್ಯಾನ್ಸರಿನ ಮಟ್ಟಿಗೆ ಇನ್ನೊಂದು ಕಾರಣವೂ ಇತ್ತು: ಆಪರೇಷನ್ನೇ. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ರೋಗಿಗಳ ವರದಿ ಪ್ರಕಟಿಸಿದ ಮೇಲೆ ಅವನ ವಿಧಾನ ಮುಂದಿನ ಮುಕ್ಕಾಲು ಶತಮಾನ ಆಳಿತು. ಸ್ತನದ ಜೊತೆಗೆ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಿಗೇ ಕಿತ್ತು ತೆಗೆಯುವ ವಿಧಾನ ಅದು. ಪಕ್ಕೆಲುಬುಗಳ ಮೇಲೆ ತೆಳ್ಳನೆಯ ಚರ್ಮವಷ್ಟೇ ಉಳಿಯುತ್ತಿತ್ತು, ತೋಳು ಮೇಲಕ್ಕೇಳುತ್ತಿರಲಿಲ್ಲ. ಹಾಲ್‌ಸ್ಟೆಡ್‌ಗೆ ಇದರ ಅರಿವಿರಲಿಲ್ಲವೆಂದಲ್ಲ. 1921ರಲ್ಲಿ, ಸಾಯುವ ಹಿಂದಿನ ವರ್ಷ, ಆಪರೇಷನ್ನಿನ ನಂತರ ಕೈ ಊದಿಕೊಳ್ಳುವ ಬಗ್ಗೆಯೇ ಒಂದು ಪ್ರಬಂಧ ಬರೆದು, ಅದನ್ನು ಸರ್ಜನ್ ತಂದಿಟ್ಟ ಆನೆಕಾಲು ರೋಗವೆಂಬಂಥ ಹೆಸರಿನಿಂದ ಕರೆದ. ಅವನ ಗುಮಾನಿ ಸೋಂಕಿನ ಮೇಲಿತ್ತು, ಭಾರದ ಮೇಲಲ್ಲ.

ಭಾರದ ಮೇಲೆ ಗುಮಾನಿ ಬಂದದ್ದು ಒಂದು ಸರಳ ತರ್ಕದಿಂದ. ರಕ್ತನಾಳಗಳಿಂದ ಹೊರಕ್ಕೆ ಜಿನುಗುವ ನೀರು ಮತ್ತು ಪ್ರೋಟೀನು ಸಣ್ಣ ಸಣ್ಣ ದುಗ್ಧನಾಳಗಳನ್ನು ಹಿಡಿದು ಕಂಕುಳಿನ ಗ್ರಂಥಿಗಳ ಮೂಲಕ ಹಾದು ಮತ್ತೆ ರಕ್ತವನ್ನು ಸೇರಬೇಕು. ಗ್ರಂಥಿಗಳನ್ನು ತೆಗೆದರೆ ದಾರಿ ಕಟ್ಟಿದಂತೆ. ಕೈಗೆ ಕೆಲಸ ಕೊಟ್ಟರೆ ರಕ್ತದ ಹರಿವು ಹೆಚ್ಚುತ್ತದೆ, ಜಿನುಗುವುದೂ ಹೆಚ್ಚುತ್ತದೆ. ಹೂಳು ತುಂಬಿದ ಕಾಲುವೆಗೆ ಕೆರೆಯ ತೂಬು ಎತ್ತಿದ ಹಾಗೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದು ಅರ್ಧ ಮಾತು. ದುಗ್ಧನಾಳಗಳಿಗೆ ಹೃದಯದಂಥ ಪಂಪ್ ಇಲ್ಲ. ನಾಳದ ಗೋಡೆ ತಾನೇ ಹಿಗ್ಗಿ ಕುಗ್ಗಿ ಒಂದಿಷ್ಟು ತಳ್ಳುತ್ತದೆ. ಸುತ್ತಲಿನ ಸ್ನಾಯುಗಳು ಬಿಗಿದು ಸಡಿಲಾದಾಗ ಅದು ಇನ್ನಷ್ಟು ಮುಂದೆ ಸರಿಯುತ್ತದೆ. ಅಂದರೆ ಕೆಲಸ ಮಾಡುವ ಸ್ನಾಯು ಹೊರೆಯನ್ನೂ ಹೆಚ್ಚಿಸುತ್ತದೆ, ಹೊರೆಯನ್ನು ಸಾಗಿಸಲೂ ನೆರವಾಗುತ್ತದೆ. ಈ ಎರಡರಲ್ಲಿ ಯಾವುದು ಮೇಲುಗೈ ಎಂಬುದು ಮೇಜಿನ ಮುಂದೆ ಕೂತು ತೀರ್ಮಾನಿಸುವ ಸಂಗತಿಯಲ್ಲ. ಕೈಗಳನ್ನು ಅಳೆಯಬೇಕಿತ್ತು. ಅಳೆಯುವ ಬದಲು ತರ್ಕದ ಅರ್ಧವನ್ನು ರೋಗಿಗಳಿಗೆ ಕೊಡುವ ಕರಪತ್ರದಲ್ಲಿ ಅಚ್ಚು ಹಾಕಿಸಿದರು.

ಈ ನಿಶ್ಚಲತೆಯನ್ನು ಮೊದಲು ಕದಲಿಸಿದ್ದು ಡಾಕ್ಟರಲ್ಲ, ಒಬ್ಬ ರೋಗಿ. ಟೆರೀಸ್ ಲಾಸರ್ ಎಂಬಾಕೆಗೆ 1952ರಲ್ಲಿ ನ್ಯೂಯಾರ್ಕಿನಲ್ಲಿ ಹಾಲ್‌ಸ್ಟೆಡ್ ಮಾದರಿಯ ಆಪರೇಷನ್ ಆಯಿತು. ಮುಂದೇನು, ಕೈ ಹೇಗೆ ಬಳಸಬೇಕು, ಬಟ್ಟೆ ಹೇಗೆ ತೊಡಬೇಕು ಎಂಬುದಕ್ಕೆ ಸರ್ಜನ್ನರಲ್ಲಿ ಉತ್ತರವಿರಲಿಲ್ಲ. ಆಕೆ ತಾನೇ ಅಭ್ಯಾಸ ಮಾಡಿಕೊಂಡು, ಬೇರೆ ರೋಗಿಗಳ ಹಾಸಿಗೆಯ ಪಕ್ಕಕ್ಕೆ ಹೋಗಿ ಹೇಳಿಕೊಡತೊಡಗಿದಳು. ಕಟ್ಟಿಕೊಂಡು ಹೋಗುತ್ತಿದ್ದ ಸಾಮಾನು ಇಷ್ಟೇ: ದಾರ ಕಟ್ಟಿದ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ಸ್ತನದ ಜಾಗಕ್ಕೆ ಇಟ್ಟುಕೊಳ್ಳುವ ತಾತ್ಕಾಲಿಕ ಪ್ಯಾಡ್. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದರ ಮೇಲೊಂದರಂತೆ ಮೇಲಕ್ಕೆ ನಡೆಸುವುದು ಆ ಅಭ್ಯಾಸಗಳಲ್ಲಿ ಒಂದು. ಇಂದಿಗೂ ಆಪರೇಷನ್ನಿನ ನಂತರ ಫಿಸಿಯೋಥೆರಪಿಸ್ಟ್ ಮೊದಲು ಹೇಳಿಕೊಡುವುದರಲ್ಲಿ ಅದು ಇದ್ದೇ ಇರುತ್ತದೆ. ರೋಗಿ ರೋಗಿಗೆ ಪಾಠ ಹೇಳುವುದು ಕೆಲವು ಸರ್ಜನ್ನರಿಗೆ ಹಿಡಿಸಲಿಲ್ಲ. ಆದರೂ ‘ರೀಚ್ ಟು ರಿಕವರಿ’ ಎಂಬ ಆಕೆಯ ಸಂಘಟನೆ ಬೆಳೆಯಿತು. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನದಾಗಿಸಿಕೊಂಡಿತು. ಲಾಸರ್ ಗೆದ್ದದ್ದು ಎಷ್ಟು ಎಂಬುದನ್ನೂ ಸರಿಯಾಗಿ ಗುರುತಿಸಬೇಕು. ತೋಳು ಮೇಲಕ್ಕೇಳಬೇಕು, ಕೂದಲು ಬಾಚಿಕೊಳ್ಳುವಂತಾಗಬೇಕು ಎಂಬುದು ಒಪ್ಪಿತವಾಯಿತು. ಆ ತೋಳಿಗೆ ಬಲ ಬರಬೇಕು ಎಂಬುದು ಇನ್ನೂ ಯಾರ ಯೋಚನೆಯಲ್ಲೂ ಇರಲಿಲ್ಲ.

ಅಷ್ಟರಲ್ಲಿ ಆಪರೇಷನ್ನೇ ಚಿಕ್ಕದಾಗುತ್ತಾ ಬಂತು. ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ 1971ರಿಂದ ನಡೆಸಿದ ಪ್ರಯೋಗಗಳು ಸ್ನಾಯು ಕಿತ್ತು ತೆಗೆಯುವುದರಿಂದ ಆಯುಷ್ಯ ಹೆಚ್ಚುವುದಿಲ್ಲವೆಂದು ತೋರಿಸಿದವು. 1985ರ ಹೊತ್ತಿಗೆ, ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಸಾಕು ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿತು. 1990ರ ದಶಕದಲ್ಲಿ ಕಂಕುಳಿನ ಎಲ್ಲ ಗ್ರಂಥಿಗಳ ಬದಲು ಮೊದಲ ಒಂದೆರಡನ್ನು ಮಾತ್ರ ತೆಗೆದು ಪರೀಕ್ಷಿಸುವ ಕ್ರಮ ಬಂತು. ಕೈ ಊದುವ ಸಂಭವ ಅದರಿಂದ ಬಹಳ ಇಳಿಯಿತು. ಕರಪತ್ರದ ಪೌಂಡುಗಳು ಮಾತ್ರ ಇದ್ದಲ್ಲೇ ಇದ್ದವು. ಗಾಯ ಅಂಗೈಯಗಲದಿಂದ ಎರಡು ಬೆರಳಿನಗಲಕ್ಕೆ ಇಳಿದರೂ ಎಚ್ಚರಿಕೆ ಇಳಿಯದಿದ್ದದ್ದು, ಅದು ಮೊದಲಿಗೇ ಅಳತೆಯಿಂದ ಹುಟ್ಟಿರಲಿಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಅಳತೆ ಬದಲಾಗಲು ಮೊದಲು ಪ್ರಶ್ನೆ ಬದಲಾಗಬೇಕಿತ್ತು. 1940ರ ದಶಕದ ಕೊನೆಗೆ ಡೇವಿಡ್ ಕಾರ್ನಾಫ್‌ಸ್ಕಿ ಮತ್ತು ಸಂಗಡಿಗರು ರೂಪಿಸಿದ ಮಾಪಕದಲ್ಲಿ ರೋಗಿಯ ಸ್ಥಿತಿಗೆ 0ಯಿಂದ 100ರವರೆಗೆ ಅಂಕ ಕೊಡುತ್ತಿದ್ದರು. ಅಂಕ ಕೊಡುವವರು ಡಾಕ್ಟರು. ಕೀಮೋಥೆರಪಿಯ ಮೊದಲ ದಿನಗಳಲ್ಲಿ ಅದು ದೊಡ್ಡ ಉಪಕಾರವೇ ಮಾಡಿತು, ಇಂದಿಗೂ ಬಳಕೆಯಲ್ಲಿದೆ. ಆದರೆ ಮನೆಗೆ ಹೋದ ಮೇಲೆ ಬದುಕು ಹೇಗಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. 1985ರಲ್ಲಿ ಫಿಟ್ಝ್‌ಹ್ಯೂ ಮುಲ್ಲನ್ ಎಂಬ ಅಮೆರಿಕದ ವೈದ್ಯ, ಸ್ವತಃ ಕ್ಯಾನ್ಸರಿನಿಂದ ಪಾರಾದವನು, ಚಿಕಿತ್ಸೆ ಮುಗಿದವರ ಬದುಕನ್ನು ಒಂದು ಪ್ರತ್ಯೇಕ ಘಟ್ಟವಾಗಿ ನೋಡಬೇಕೆಂದು ಬರೆದ. ಗುಣವಾದ, ಆಗಲಿಲ್ಲ ಎಂಬ ಎರಡೇ ಖಾನೆಗಳಲ್ಲಿ ಈ ಜನ ಹಿಡಿಸುವುದಿಲ್ಲ ಎಂಬುದು ಅವನ ವಾದ. 1993ರಲ್ಲಿ ಯೂರೋಪಿನ ಸಂಶೋಧಕರು 30 ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು, ಉತ್ತರಿಸಬೇಕಾದವರು ರೋಗಿಗಳೇ. ಅದರ ಮೊದಲ ಪ್ರಶ್ನೆಯೇ ಶ್ರಮದ ಕೆಲಸದ ಬಗ್ಗೆ, ತುಂಬಿದ ಚೀಲವನ್ನೋ ಸೂಟ್‌ಕೇಸನ್ನೋ ಹೊರಲು ಕಷ್ಟವಾಗುತ್ತದೆಯೇ ಎಂದು. ಮುಂದಿನವು ದೂರದ ನಡಿಗೆ, ಹತ್ತಿರದ ನಡಿಗೆ, ಹಗಲಲ್ಲಿ ಮಲಗಬೇಕಾಗುತ್ತದೆಯೇ ಎಂಬುದು. ಒಂದು ಕಡೆ ಕರಪತ್ರ ಚೀಲ ಎತ್ತಬೇಡ ಎನ್ನುತ್ತಿದೆ, ಇನ್ನೊಂದು ಕಡೆ ಪ್ರಶ್ನಾವಳಿ ಚೀಲ ಎತ್ತಲಾಗದ್ದನ್ನು ಬದುಕಿನ ಗುಣಮಟ್ಟದ ಕೊರತೆಯೆಂದು ಬರೆದುಕೊಳ್ಳುತ್ತಿದೆ. ಈ ವೈರುಧ್ಯ ಕಾಗದದ ಮೇಲೆ ಬಂದ ನಂತರ ಬಹಳ ದಿನ ತಡೆಯುವಂತಿರಲಿಲ್ಲ. ಉಳಿದು ಬಂದವರ ಸಂಖ್ಯೆಯೂ ಅದಕ್ಕೆ ಬಿಡಲಿಲ್ಲ: 1971ರಲ್ಲಿ ಅಮೆರಿಕದಲ್ಲಿ 30 ಲಕ್ಷದಷ್ಟಿದ್ದವರು 2022ರ ಹೊತ್ತಿಗೆ 1 ಕೋಟಿ 80 ಲಕ್ಷ.

ಪ್ರಯೋಗಗಳನ್ನು ಆರಂಭಿಸಿದ್ದು ನರ್ಸುಗಳು. ಓಹಿಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೇರಿ ಮ್ಯಾಕ್‌ವಿಕರ್ ಮತ್ತು ಮೆರಿಲ್ ವಿನ್ನಿಂಗ್‌ಹ್ಯಾಮ್ 1980ರ ದಶಕದಲ್ಲಿ ಕೀಮೋ ನಡೆಯುತ್ತಿದ್ದ ಹೆಂಗಸರನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಹತ್ತಿಸಿದರು. ಸುಮ್ಮನೆ ಹತ್ತಿಸಿದ್ದಲ್ಲ, 1986ರಲ್ಲೇ ಯಾವಾಗ ವ್ಯಾಯಾಮ ಬೇಡ ಎಂಬುದಕ್ಕೆ ಎಚ್ಚರಿಕೆಯ ಸೂತ್ರಗಳನ್ನೂ ಬರೆದಿಟ್ಟರು. 1989ರಲ್ಲಿ ಪ್ರಕಟವಾದ 45 ಹೆಂಗಸರ ಪ್ರಯೋಗದಲ್ಲಿ ವಾರಕ್ಕೆ ಮೂರು ಸಲದಂತೆ 10 ವಾರ ತುಳಿದವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಶೇ 40ರಷ್ಟು ಏರಿತು. ಹೊಟ್ಟೆ ತೊಳಸುವುದೂ ಕಡಿಮೆಯಾಯಿತೆಂದು ಅವರ ಹಿಂದಿನ ವರ್ಷದ ವರದಿ ಹೇಳಿತ್ತು. ಅತಿಯಾದ ವಿಶ್ರಾಂತಿಯೇ ಸುಸ್ತನ್ನು ಹೆರುತ್ತದೆ ಎಂದು ವಿನ್ನಿಂಗ್‌ಹ್ಯಾಮ್ ವಾದಿಸಿದಳು. ಜರ್ಮನಿಯ ಫ್ರೈಬುರ್ಗಿನಲ್ಲಿ ಫರ್ನಾಂಡೋ ಡಿಮೆಯೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅತಿ ಹೆಚ್ಚಿನ ಪ್ರಮಾಣದ ಕೀಮೋ ಪಡೆದು ಆಸ್ಪತ್ರೆಯ ಕೋಣೆಯಲ್ಲೇ ಇರಬೇಕಾದ ರೋಗಿಗಳ ಮಂಚಕ್ಕೇ ಪೆಡಲು ಜೋಡಿಸಿ, ಒಂದು ನಿಮಿಷ ತುಳಿದು ಒಂದು ನಿಮಿಷ ಸುಧಾರಿಸಿಕೊಳ್ಳುವಂತೆ ದಿನಕ್ಕೆ ಅರ್ಧ ಗಂಟೆ ಮಾಡಿಸಿದ. 1997ರ ವರದಿಯಂತೆ 33 ಮಂದಿ ತುಳಿದರು, 37 ಮಂದಿ ತುಳಿಯಲಿಲ್ಲ. ತುಳಿದವರ ಬಲ ಕಡಿಮೆ ಕುಂದಿತು, ಬಿಳಿ ರಕ್ತಕಣಗಳು ಬೇಗ ಚೇತರಿಸಿಕೊಂಡವು, ಆಸ್ಪತ್ರೆಯಿಂದ ಬಿಡುಗಡೆಯೂ ಬೇಗ ಆಯಿತು. ಮಲಗಿರಲೇಬೇಕಾದವರೂ ಮಲಗಿಯೇ ಕೆಲಸ ಮಾಡಬಹುದೆಂದರೆ, ವಿಶ್ರಾಂತಿ ಅನಿವಾರ್ಯವೆಂಬ ಮಾತಿನ ಕೊನೆಯ ಆಸರೆಯೂ ಅಲುಗಿದಂತಾಯಿತು.

ಇವೆಲ್ಲ ಕಾಲಿನ ಪ್ರಯೋಗಗಳು. ಕೈಯ ಸರದಿ ಬಂದದ್ದು ಕೆನಡಾದ ವ್ಯಾಂಕೂವರಿನಲ್ಲಿ, 1996ರಲ್ಲಿ. ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯ ಕ್ರೀಡಾವೈದ್ಯ ಡಾನ್ ಮೆಕೆಂಝಿ ಆರಿಸಿಕೊಂಡದ್ದು ಡ್ರ್ಯಾಗನ್ ದೋಣಿ. ದಕ್ಷಿಣ ಚೀನಾದ ಹಬ್ಬದ ದೋಣಿ ಅದು. ವಲಸೆ ಬಂದ ಚೀನೀ ಸಮುದಾಯದ ಜೊತೆ ವ್ಯಾಂಕೂವರಿನ ಫಾಲ್ಸ್ ಕ್ರೀಕ್ ಎಂಬ ಕಿರುಕೊಲ್ಲಿಗೆ ಬಂದಿತ್ತು. ಇಬ್ಬಿಬ್ಬರಂತೆ 10 ಸಾಲುಗಳಲ್ಲಿ 20 ಮಂದಿ ಹುಟ್ಟು ಹಾಕುತ್ತಾರೆ, ಮೂತಿಯಲ್ಲಿ ಒಬ್ಬರು ಡೋಲು ಬಾರಿಸಿ ಲಯ ಹಿಡಿಸುತ್ತಾರೆ, ಹಿಂದೆ ಒಬ್ಬರು ಚುಕ್ಕಾಣಿ ಹಿಡಿಯುತ್ತಾರೆ. ಪ್ರತಿ ಹುಟ್ಟಿಗೂ ಮುಂದಕ್ಕೆ ಬಾಗಿ ತೋಳು ಚಾಚಿ, ನೀರಿಗೆ ಇಳಿಸಿ, ಹೆಗಲು ಬೆನ್ನುಗಳ ಬಲದಿಂದ ಹಿಂದಕ್ಕೆ ಎಳೆಯಬೇಕು, ನೂರಾರು ಸಲ. ಕರಪತ್ರ ಬೇಡವೆಂದದ್ದೆಲ್ಲ ಇದರಲ್ಲಿ ಇತ್ತು, ಆದ್ದರಿಂದಲೇ ಅವನು ಇದನ್ನು ಆರಿಸಿದ. ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದ 24 ಹೆಂಗಸರು ಮುಂದೆ ಬಂದರು. ಫೆಬ್ರವರಿಯಲ್ಲಿ ತಯಾರಿ ಶುರುವಾಯಿತು, ಮೊದಲು ಮೈ ಸಡಿಲಿಸುವ ಅಭ್ಯಾಸ, ನಿಧಾನವಾಗಿ ಭಾರ, ಆಮೇಲೆ ನೀರು. ಜೂನ್ ತಿಂಗಳ ಉತ್ಸವದಲ್ಲಿ ಅವರು ದೋಣಿ ಓಡಿಸಿದರು. ಯಾರಲ್ಲೂ ಹೊಸದಾಗಿ ಕೈ ಬಾವು ಕಾಣಿಸಿಕೊಳ್ಳಲಿಲ್ಲ. ಇದನ್ನು ಮೆಕೆಂಝಿ 1998ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ‘ಅಬ್ರೆಸ್ಟ್ ಇನ್ ಎ ಬೋಟ್’ ಎಂಬ ಆ ತಂಡದ ಹೆಸರು ಅಷ್ಟರಲ್ಲಿ ಪ್ರಸಿದ್ಧವಾಗಿತ್ತು. 2000ದಲ್ಲಿ 20 ದೋಣಿಗಾರ್ತಿಯರ ತೋಳಿನ ಸುತ್ತಳತೆಗಳ ವರದಿಯೂ ಬಂತು. ಇಂದು 30ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ತಂಡಗಳಿವೆ. ಅವರ ಕೂಟಗಳಲ್ಲಿ ಓಟ ಮುಗಿದ ಮೇಲೆ ದೋಣಿಗಳನ್ನು ಒಂದರ ಪಕ್ಕ ಒಂದು ಹಿಡಿದು ನಿಲ್ಲಿಸಿ, ತೀರಿಕೊಂಡ ಸಂಗಾತಿಗಳ ನೆನಪಿಗೆ ಗುಲಾಬಿ ಬಣ್ಣದ ಹೂಗಳನ್ನು ನೀರಿಗೆ ಬಿಡುವ ಪದ್ಧತಿ ಬೆಳೆದಿದೆ.

ಇದನ್ನು ಪುರಾವೆ ಎನ್ನಬಹುದೇ? 24 ಜನ, ತಾವಾಗಿ ಮುಂದೆ ಬಂದವರು, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ. ದೋಣಿಗೆ ಹತ್ತುವ ಉತ್ಸಾಹವಿರುವವರು ಮೊದಲೇ ಗಟ್ಟಿಮುಟ್ಟಾಗಿರುತ್ತಾರೆ ಎಂಬ ಆಕ್ಷೇಪ ಆಗಲೂ ಇತ್ತು, ಅದು ನ್ಯಾಯವಾದದ್ದೇ. ಹುಟ್ಟು ಹಾಕುವುದು ಎಲ್ಲರಿಗೂ ಸುರಕ್ಷಿತ ಎಂದು ಆ ಬೇಸಿಗೆಯಿಂದ ಸಾಧಿಸಲು ಬರುವುದಿಲ್ಲ. ಆದರೆ ಎದುರು ಪಕ್ಷದ ಮಾತು ಏನಿತ್ತು ನೋಡಿ: ಕಂಕುಳಿನ ಗ್ರಂಥಿ ತೆಗೆಸಿದ ಯಾರೂ, ಎಂದೂ ಭಾರದ ಕೆಲಸ ಮಾಡಬಾರದು. ವಿನಾಯಿತಿಯಿಲ್ಲದ ನಿಷೇಧ ಅದು. ಅಂಥ ನಿಷೇಧವನ್ನು ಅಲುಗಿಸಲು 24 ಜನ ಸಾಕು. ಇನ್ನೂ ಒಂದು ಮಾತನ್ನು ಎದುರು ಪಕ್ಷ ಹೇಳಬಹುದಿತ್ತು, ರೋಗಿಗೆ ಕೇಡಾಗದಿರಲಿ ಎಂಬುದು ವೈದ್ಯನ ಮೊದಲ ಧರ್ಮ, ಸಂಶಯವಿದ್ದಾಗ ತಡೆಯುವುದೇ ಸರಿ ಎಂದು. ಈ ವಾದ ನಿಲ್ಲಬೇಕಾದರೆ ತಡೆಯುವುದರಿಂದ ಕೇಡಿಲ್ಲ ಎಂದಾಗಬೇಕು. ಬಳಸದ ತೋಳು ಸೊರಗುತ್ತದೆ. ಸೊರಗಿದ ತೋಳಿಗೆ ನಿನ್ನೆ ಹಗುರವಾಗಿದ್ದ ಬಕೆಟ್ಟು ಇಂದು ಭಾರ. ಭಾರ ಹೆಚ್ಚಾದಷ್ಟೂ ಉಳುಕು, ಗಾಯಗಳ ಸಂಭವ ಹೆಚ್ಚು. ಗಾಯವೇ ಬಾವಿಗೆ ದಾರಿ. ರಕ್ಷಿಸಲು ಹೊರಟ ನಿಯಮ ತಾನೇ ಅಪಾಯವನ್ನು ಹತ್ತಿರ ತರಬಹುದಿತ್ತು.

ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಕ್ಯಾಥ್ರಿನ್ ಶ್ಮಿಟ್ಸ್ ಹಿಡಿದದ್ದು ಈ ತರ್ಕವನ್ನೇ. 2009ರಲ್ಲಿ ಪ್ರಕಟವಾದ ಆಕೆಯ ಪ್ರಯೋಗದಲ್ಲಿ ಇದ್ದದ್ದು ಕೈ ಈಗಾಗಲೇ ಬಾತಿದ್ದ 141 ಹೆಂಗಸರು, ಅಂದರೆ ಯಾರಿಗೆ ಭಾರ ಎಲ್ಲಕ್ಕಿಂತ ಹೆಚ್ಚು ನಿಷಿದ್ಧವಾಗಿತ್ತೋ ಅವರೇ. ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ವಾರಕ್ಕೆರಡು ಸಲ ಭಾರ ಎತ್ತಿಸಿದರು. ಮೊದಲ 13 ವಾರ ತರಬೇತುದಾರರ ಕಣ್ಣೆದುರು, ಸಣ್ಣ ಸಣ್ಣ ಗುಂಪುಗಳಲ್ಲಿ. ಕೈಗೆ ಅಳತೆಗೆ ಹೊಲಿಸಿದ ಬಿಗಿ ತೋಳುಚೀಲ. ತೀರಾ ಕಡಿಮೆ ತೂಕದಿಂದ ಶುರು, ತೊಂದರೆ ಕಾಣದಿದ್ದರೆ ಸಿಗುವುದರಲ್ಲೇ ಅತಿ ಚಿಕ್ಕ ತೂಕ ಸೇರಿಸುವುದು. ಮೇಲಿನ ಮಿತಿ ಇಲ್ಲ. ಕರಪತ್ರದ ಪೌಂಡುಗಳಿಗೆ ಇಲ್ಲಿ ಜಾಗವೇ ಇರಲಿಲ್ಲ. ವರ್ಷದ ಕೊನೆಗೆ ಬಾವು ಹೆಚ್ಚಿದವರು ಎತ್ತಿದ ಗುಂಪಿನಲ್ಲಿ ಶೇ 11, ಎತ್ತದ ಗುಂಪಿನಲ್ಲಿ ಶೇ 12. ಬಾವು ಇದ್ದಕ್ಕಿದ್ದಂತೆ ಉಲ್ಬಣಿಸಿ ಚಿಕಿತ್ಸೆ ಬೇಕಾದವರು ಎತ್ತಿದವರಲ್ಲಿ ಶೇ 14, ಎತ್ತದವರಲ್ಲಿ ಶೇ 29. ಮರುವರ್ಷ ಬಾವು ಇಲ್ಲದ 154 ಹೆಂಗಸರ ಫಲಿತಾಂಶ ಬಂತು. ಅವರಲ್ಲಿ 5 ಅಥವಾ ಹೆಚ್ಚು ಗ್ರಂಥಿ ತೆಗೆಸಿದವರನ್ನು ಮಾತ್ರ ನೋಡಿದರೆ, ಭಾರ ಎತ್ತಿದವರಲ್ಲಿ ಶೇ 7, ಎತ್ತದವರಲ್ಲಿ ಶೇ 22 ಮಂದಿಗೆ ಕೈ ಬಾತಿತು. ಸುಮ್ಮನಿರುವುದನ್ನೂ ಒಂದು ಚಿಕಿತ್ಸೆಯೆಂದು ಎಣಿಸಿ ತಕ್ಕಡಿಗೆ ಹಾಕಿದ್ದು ಆಗಲೇ, ಹಾಲ್‌ಸ್ಟೆಡ್‌ನ 1894ರ ವರದಿಯಾದ 115 ವರ್ಷಗಳ ಮೇಲೆ.

ನಮ್ಮ ಕಡೆಯಿಂದ ಏಳುವ ಒಂದು ಆಕ್ಷೇಪ ಇದೆ. ಕೊಡ ಹೊರುವ, ಕಳೆ ಕೀಳುವ, ಬಟ್ಟೆ ಒಗೆಯುವ ಹೆಂಗಸಿಗೆ ಜಿಮ್ಮಿನ ಪಾಠ ಏತಕ್ಕೆ, ಅವಳ ದಿನವಿಡೀ ವ್ಯಾಯಾಮವೇ ಅಲ್ಲವೇ ಎಂಬುದು. ಶ್ಮಿಟ್ಸ್‌ಳ ಪ್ರಯೋಗದ ವಿವರಗಳಲ್ಲೇ ಇದಕ್ಕೆ ಉತ್ತರವಿದೆ. ಅಲ್ಲಿ ಕೆಲಸ ಮಾಡಿದ್ದು ಭಾರವಲ್ಲ, ಭಾರ ಏರಿದ ಕ್ರಮ. ಕೊಡಕ್ಕೆ ಅರ್ಧ ಕಿಲೋ ಲೆಕ್ಕದಲ್ಲಿ ಏರುವ ಗುಣವಿಲ್ಲ. ಆಪರೇಷನ್ನಾದ ಆರನೆಯ ವಾರಕ್ಕೂ ಆರನೆಯ ತಿಂಗಳಿಗೂ ಅದು ಅಷ್ಟೇ ತೂಕ. ಕೈ ನೋಯುತ್ತಿದೆ, ಇವತ್ತು ಬೇಡ ಎನ್ನುವ ಸ್ವಾತಂತ್ರ್ಯವೂ ಮನೆಗೆಲಸದಲ್ಲಿ ಇರುವುದಿಲ್ಲ. ಹಾಗಾಗಿ ಭಾರ ಎತ್ತಲೇಬೇಡಿ ಎಂಬ ಮಾತು ಎಲ್ಲರಿಗಿಂತ ನಿರುಪಯೋಗಿಯಾಗುವುದು ಈ ಹೆಂಗಸಿಗೆ, ಪಾಲಿಸಲು ಅವಳಿಗೆ ಸಾಧ್ಯವೇ ಇಲ್ಲವಾದ್ದರಿಂದ. ಅವಳ ಕೈಗೆ ಮುಂಚಿತವಾಗಿ ಬಲ ತರಿಸುವುದು ಹೆಚ್ಚು ಅಗತ್ಯ. ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ನೇರವಾದ ಪಾತ್ರವೂ ಒಂದಿದೆ, ಅದು ಯೋಗದ ಮೂಲಕ. ಬೆಂಗಳೂರಿನ ಎಸ್-ವ್ಯಾಸ ಸಂಸ್ಥೆಯ ಎಚ್.ಆರ್. ನಾಗೇಂದ್ರ, ಆರ್. ನಾಗರತ್ನ ಮತ್ತು ಸಂಗಡಿಗರು 2007ರಲ್ಲಿ, ಕೀಮೋ ಪಡೆಯುವ ಸ್ತನ ಕ್ಯಾನ್ಸರ್ ರೋಗಿಗಳ ವಾಕರಿಕೆ, ವಾಂತಿಗಳ ಮೇಲೆ ಯೋಗದ ಪರಿಣಾಮವನ್ನು ಪ್ರಕಟಿಸಿದರು. ಆ ಸಂಸ್ಥೆ ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದೊಡನೆ ಸೇರಿ ಮಾಡಿದ ಪ್ರಯೋಗ 2014ರಲ್ಲಿ ಬಂತು. ರೇಡಿಯೇಷನ್ ಪಡೆಯುವ 163 ಹೆಂಗಸರಲ್ಲಿ ಕೆಲವರಿಗೆ ಯೋಗ, ಕೆಲವರಿಗೆ ಬರಿಯ ಮೈ ಚಾಚುವ ಅಭ್ಯಾಸ, ಉಳಿದವರಿಗೆ ಎರಡೂ ಇಲ್ಲ. ಸುಸ್ತು ಮೊದಲ ಎರಡು ಗುಂಪುಗಳಲ್ಲೂ ಇಳಿಯಿತು. ದೈಹಿಕ ಚಟುವಟಿಕೆಯ ಸಾಮರ್ಥ್ಯದಲ್ಲಿ ಯೋಗದವರು ಮುಂದಿದ್ದರು. ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಯೋಗದ ಹೆಸರಲ್ಲಿ ಕ್ಯಾನ್ಸರ್ ವಾಸಿ ಮಾಡುತ್ತೇವೆ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಈ ವರದಿಗಳು ಅಂಥ ಮಾತಾಡಿಲ್ಲ ಎಂಬುದೇ ಅವುಗಳ ಯೋಗ್ಯತೆ.

ಆಯುಷ್ಯದ ಪ್ರಶ್ನೆಯನ್ನು ಬೇರೆಯಾಗಿಯೇ ಇಡಬೇಕು. 2005ರಲ್ಲಿ ಅಮೆರಿಕದ 2,987 ನರ್ಸುಗಳ ಮಾಹಿತಿಯಿಂದ, ಸ್ತನ ಕ್ಯಾನ್ಸರಿನ ನಂತರ ವಾರಕ್ಕೆ ಮೂರರಿಂದ ಐದು ಗಂಟೆ ನಡೆಯುವವರಲ್ಲಿ ಸಾವು ಗಣನೀಯವಾಗಿ ಕಡಿಮೆ ಎಂಬ ಅಂಶ ಹೊರಬಂತು. ತಕ್ಷಣದ ಆಕ್ಷೇಪ: ರೋಗ ಮರುಕಳಿಸುತ್ತಿರುವವರಿಗೆ ನಡೆಯಲಾಗುವುದಿಲ್ಲ, ಹಾಗಾಗಿ ನಡೆಯುವವರೇ ಉಳಿದಂತೆ ಕಾಣುತ್ತದೆ. ಇಂಥ ಮಾಹಿತಿಯಿಂದ ಈ ಆಕ್ಷೇಪವನ್ನು ಪೂರ್ತಿ ನಿವಾರಿಸಲು ಬರುವುದಿಲ್ಲ. ಅದಕ್ಕೆ ಬೇಕಾದ ಪ್ರಯೋಗ 2009ರಲ್ಲಿ, ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ, ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಜನರಲ್ಲಿ ಶುರುವಾಗಿ 2025ರಲ್ಲಿ ವರದಿಯಾಯಿತು. ಮೂರು ವರ್ಷ ಕ್ರಮವಾದ ವ್ಯಾಯಾಮ ಪಡೆದವರಲ್ಲಿ ಐದು ವರ್ಷಕ್ಕೆ ರೋಗವಿಲ್ಲದೆ ಇದ್ದವರು ಶೇ 80.3, ಉಳಿದವರಲ್ಲಿ ಶೇ 73.9, ಎಂಟು ವರ್ಷಕ್ಕೆ ಬದುಕಿದ್ದವರು ಶೇ 90.3 ಮತ್ತು ಶೇ 83.2. ಕರುಳಿನದ್ದನ್ನು ಎಲ್ಲ ಕ್ಯಾನ್ಸರಿಗೂ ಅನ್ವಯಿಸಬಾರದು. ಮೂಳೆಗೆ ಹರಡಿದವರಿಗೆ, ರಕ್ತಕಣ ತೀರಾ ಇಳಿದವರಿಗೆ ವ್ಯಾಯಾಮದ ಆಯ್ಕೆ ಬೇರೆಯೇ. ಈ ಪ್ರಯೋಗದಲ್ಲೂ ಸ್ನಾಯು, ಕೀಲುಗಳ ತೊಂದರೆ ವ್ಯಾಯಾಮದ ಗುಂಪಿನಲ್ಲಿ ಶೇ 18.5, ಇನ್ನೊಂದರಲ್ಲಿ ಶೇ 11.5 ಇತ್ತು. ಇದಕ್ಕಿಂತ ಗಂಭೀರವಾದ ಆತಂಕವೊಂದಿದೆ: ರೋಗ ಮರಳಿದವರನ್ನು, ನೀವು ಸರಿಯಾಗಿ ನಡೆಯಲಿಲ್ಲ ಎಂದು ದೂರುವ ಕಾಲ ಬರಬಹುದು. ವ್ಯಾಯಾಮ ಮಾಡಿದ ನೂರರಲ್ಲಿ ಸುಮಾರು 20 ಮಂದಿಗೆ ಐದು ವರ್ಷದೊಳಗೆ ರೋಗ ಮರಳಿದೆ ಅಥವಾ ಬೇರೆ ಅನಾಹುತವಾಗಿದೆ ಎಂಬುದನ್ನು ಅದೇ ಅಂಕಿಗಳು ಹೇಳುತ್ತವೆ. ಅದಕ್ಕೇ ಬದುಕಿನ ಗುಣಮಟ್ಟದ ಆಧಾರವನ್ನು ನಾನು ಮೇಲಿಡುತ್ತೇನೆ. 2017ರಲ್ಲಿ 113 ಅಧ್ಯಯನಗಳ 11,525 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಕ್ಯಾನ್ಸರಿನ ಸುಸ್ತಿಗೆ ಮಾತ್ರೆಗಳಿಗಿಂತ ವ್ಯಾಯಾಮವೇ ಹೆಚ್ಚು ಫಲ ಕೊಟ್ಟಿತ್ತು. ಮೆಟ್ಟಿಲು ಹತ್ತಿದಾಗ ಉಸಿರು ಕಟ್ಟುವುದಿಲ್ಲ ಎಂಬ ಲಾಭಕ್ಕೆ ಆಯುಷ್ಯದ ಅಂಕಿಗಳ ಬೆಂಬಲ ಬೇಕಾಗಿಲ್ಲ.

ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞರ ಸಂಘ 2018ರಲ್ಲಿ ವ್ಯಾಯಾಮವನ್ನು ಚಿಕಿತ್ಸೆಯ ಭಾಗವೆಂದೇ ಘೋಷಿಸಿತು. 2019ರಲ್ಲಿ ಅಮೆರಿಕದ ಕ್ರೀಡಾವೈದ್ಯ ಕಾಲೇಜಿನ ತಜ್ಞರು ಪ್ರಮಾಣವನ್ನೂ ಹೇಳಿದರು: ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಬಿರುಸಾದ ನಡಿಗೆಯಂಥದ್ದು, ಜೊತೆಗೆ ಎರಡು ಸಲ ಭಾರದ ಅಭ್ಯಾಸ. ನಿಷೇಧ ಕಾಗದದ ಮೇಲೆ ಅಲ್ಲಿಗೆ ಮುಗಿಯಿತು. ಆದರೆ 2020ರಲ್ಲಿ ಶ್ಮಿಟ್ಸ್ ಮತ್ತು ಸಂಗಡಿಗರದೇ ಇನ್ನೊಂದು ಪ್ರಯೋಗದ ಫಲ ಬಂತು. ಕೈ ಬಾತಿದ್ದ, ತೂಕವೂ ಹೆಚ್ಚಿದ್ದ 351 ಹೆಂಗಸರಲ್ಲಿ ಮನೆಯಲ್ಲೇ ಮಾಡುವ ವ್ಯಾಯಾಮವನ್ನೂ ತೂಕ ಇಳಿಸುವುದನ್ನೂ ಪರೀಕ್ಷಿಸಿದಾಗ ಬಾವಿನಲ್ಲಿ ಸುಧಾರಣೆ ಕಾಣಲಿಲ್ಲ. ಮೊದಲ ಪ್ರಯೋಗದಲ್ಲಿ ತರಬೇತುದಾರರು ಎದುರಿಗಿದ್ದರು, ಇಲ್ಲಿ ಅಭ್ಯಾಸ ಮನೆಗೆ ಹೋಗಿತ್ತು. ವ್ಯತ್ಯಾಸ ಅದೊಂದರಿಂದಲೇ ಎನ್ನುವುದು ಅವಸರವಾದೀತು, ಅದು ಲೆಕ್ಕಕ್ಕಿಲ್ಲ ಎನ್ನುವುದೂ ಕಷ್ಟ. ಕರುಳಿನ ಕ್ಯಾನ್ಸರಿನ ಆ ದೊಡ್ಡ ಪ್ರಯೋಗದಲ್ಲಿಯೂ ವ್ಯಾಯಾಮದ ಗುಂಪಿನವರಿಗೆ ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಒಬ್ಬ ಸಲಹೆಗಾರರು ಸಿಗುತ್ತಿದ್ದರು, ಎಷ್ಟು ನಡೆದಿರಿ, ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ವಿಚಾರಿಸುತ್ತಿದ್ದರು. ಆಮೇಲೂ ಮೂರು ವರ್ಷ ಆ ಸಂಪರ್ಕ ಬಿಟ್ಟುಹೋಗಲಿಲ್ಲ. ಹೋಲಿಕೆಯ ಗುಂಪಿಗೂ ವ್ಯಾಯಾಮ ಒಳ್ಳೆಯದು, ಆಹಾರ ಹೀಗಿರಲಿ ಎಂಬ ಉಪದೇಶ ಸಿಕ್ಕಿತ್ತು. ಅವರ ಕೈಗೆ ಕೊಟ್ಟದ್ದು ಅಚ್ಚು ಮಾಡಿಸಿದ ಒಂದು ಕಿರುಹೊತ್ತಿಗೆ.